ಮಾವನ ಕೆಮ್ಮು ಮತ್ತು ನನ್ನ ಎರಡನೆಯ ಆಲ್ಬಮ್

ಮೊದಲನೆಯ ಆಲ್ಬಮ್ ಮಾಡುವುದು ಸುಲಭ. ಅಲ್ಲಿಯತನಕ ಬದುಕಿದ್ದೆಲ್ಲ ಅದಕ್ಕೆ ಬಂಡವಾಳ. ಎರಡನೆಯದಕ್ಕೆ ಉಳಿಯುವುದು ಬರೀ ಜಂಬ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ, ನಗಬೇಡಿ.

ಸಿಂದಗಿ ಬಸ್ ನಿಲ್ದಾಣದ ಎದುರು ನನ್ನದೊಂದು ಕ್ಯಾಸೆಟ್ ಅಂಗಡಿಯಿತ್ತು. ಅಲ್ಲಿ ಕೂತು ಹಿಪ್-ಹಾಪ್ ಮಾಡುತ್ತಿದ್ದೆ. ಹಾಡುವುದಲ್ಲ, ಬಾರಿಸುವುದೂ ಅಲ್ಲ. ಹಳೆಯ ಕ್ಯಾಸೆಟ್ಟುಗಳಿಂದ ತಾಳದ ಒಂದು ಪೆಟ್ಟು, ಹಾರ್ಮೋನಿಯಂನ ಒಂದು ಎಳೆ ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ತಿರುಗಿಸಿ ಜೋಡಿಸುವುದು. ಆಲಮೇಲದ ಖಾಸಗಿ ಬಸ್ಸಿನ ಡ್ರೈವರ್ ಒಬ್ಬ ಮೊದಲ ಆಲ್ಬಮ್ ಹಾಕಿಕೊಂಡು ಓಡಾಡಿದ್ದೇ ನನ್ನ ಕೀರ್ತಿ. "ಟೇಪ್ ಸಿಕ್ಕೊಂಡೈತೇನ್ರಿ?" ಎಂದು ಪ್ರಯಾಣಿಕರು ಕೇಳುತ್ತಿದ್ದರಂತೆ.

ಎರಡನೆಯದಕ್ಕೆ ಕಂಪ್ಯೂಟರ್ ಬಂತು, ಜೊತೆಗೆ ಜಂಬವೂ. ಮೋರಟಗಿಯ ನನ್ನ ಸೋದರತ್ತೆ ಗಂಗವ್ವನ ಬಳಿ ಒಂದೇ ಒಂದು ಭಜನೆಯ ಕ್ಯಾಸೆಟ್ಟಿತ್ತು. ಅದರಲ್ಲಿ ತೀರಿಹೋದ ಮಾವ ನುಡಿಸಿದ ಪೇಟಿಯಿತ್ತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಆ ಪೇಟಿಯ ಮೇಲೇ ನನ್ನ ಇಡೀ ಆಲ್ಬಮ್ ನಿಂತಿತ್ತು. ಅತ್ತೆ ಕೊಟ್ಟಳು, ಆದರೆ ಕರಾರಿನ ಮೇಲೆ: "ಮೊದಲ ನನಗ ಕೇಳಸು. ನಾ ಹ್ಞೂಂ ಅಂದ್ರಷ್ಟ ಹೊರಗ ಬಿಡು."

ನಾನು ಟೇಪಿನ ಗೊರಗೊರ ತೆಗೆದೆ, ನಾಯಿ ಬೊಗಳಿದ್ದು ತೆಗೆದೆ, ಪ್ರತಿ ಭಜನೆಗೂ ಮುಂಚೆ ಮಾವ ತಪ್ಪದೆ ಕೆಮ್ಮುತ್ತಿದ್ದರಲ್ಲ, ಅದನ್ನೂ ತೆಗೆದೆ. ನನ್ನ ಬೆನ್ನಿಗೆ ಶಾಸ್ತ್ರವಿತ್ತು. ನಮ್ಮ ಹಿರಿಯರು ಷಡ್ಜಕ್ಕೆ ನವಿಲು, ಪಂಚಮಕ್ಕೆ ಕೋಗಿಲೆ ಎಂದು ಏಳು ಸ್ವರಕ್ಕೂ ಪ್ರಾಣಿಪಕ್ಷಿಗಳನ್ನು ಹಂಚಿದ್ದಾರೆ, ಆನೆಗೂ ಪಾಲುಂಟು. ಮನುಷ್ಯನ ಕೆಮ್ಮಿಗೆ ಮಾತ್ರ ಇಲ್ಲ.

ಅತ್ತೆ ಕೌದಿ ಹೊಲಿಯುತ್ತಲೇ ಹಾಡು ಕೇಳಿದಳು. "ಚಲೋ ಐತಿ. ನಿಮ್ಮ ಮಾವ ಎಲ್ಲಿ?"

"ಪೇಟಿ ಅವರದ ಐತಲ್ಲತ್ತಿ!"

"ಪೇಟಿ ಗುಡೀದು. ಕೆಮ್ಮು ಅವರದು."

ಅತ್ತೆ ಕೌದಿಯ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರೊಂದನ್ನಿಟ್ಟು ಹೊಲಿಗೆ ಮುಚ್ಚಿದಳು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆಂಬುದು ಅವಳ ನಂಬಿಕೆ. "ನಿನ್ನ ಹಾಡು ಉಪವಾಸ ಐತಿ ನೋಡಪಾ," ಎಂದಳು.

ಸಿಟ್ಟು ಬಂತು, ಬರದೇ ಇರುತ್ತದೆಯೇ? ಕಂಪ್ಯೂಟರ್ ಕಲಿತವನಿಗೆ ಸೂಜಿ ಹಿಡಿದವಳ ಬುದ್ಧಿವಾದ! ಎರಡು ದಿನ ಮುಖ ಊದಿಸಿಕೊಂಡೆ. ಮೂರನೆಯ ದಿನ ಕೆಮ್ಮನ್ನು ತಂದು ಕೂರಿಸಿದೆ. ಕೂರಿಸಿದ್ದಷ್ಟೇ ಅಲ್ಲ, ಉತ್ಸಾಹ ಹೆಚ್ಚಾಗಿ ಪ್ರತಿ ಆವರ್ತಕ್ಕೊಂದರಂತೆ ತಿರುಗಿಸಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು: "ಸಾಕೋ ಮಾರಾಯಾ! ಜೀವ ಇದ್ದಾಗೂ ಇಷ್ಟು ಕೆಮ್ಮಿದವರಲ್ಲ ಅವರು. ಸುರುವಿಗೆ ಒಂದ ಸಲ ಸಾಕು." ಹಾಗೇ ಮಾಡಿದೆ. "ಹ್ಞೂಂ" ಎಂದಳು.

ಎರಡನೆಯ ಆಲ್ಬಮ್ಮಿಗೆ ಹೆಸರೇನೂ ಬರಲಿಲ್ಲ. ಆದರೆ ಆಲಮೇಲದ ಬಸ್ಸಿನಲ್ಲಿ ಈಗ ಟೇಪ್ ಸಿಕ್ಕೊಂಡಿದೆಯೇ ಎಂದು ಯಾರೂ ಕೇಳುವುದಿಲ್ಲವಂತೆ. ಹಾಡು ಶುರುವಾದೊಡನೆ ಮುಂದಿನ ಸೀಟಿನವರು ಯಾರಾದರೂ ಹಿಂದೆ ತಿರುಗಿ, "ನೀರು ಬೇಕೇನ್ರಿ, ಯಜಮಾನ್ರ?" ಎನ್ನುತ್ತಾರಂತೆ.