ಪುಟ್ಟಗೌರಮ್ಮನ ಅರ್ಧ ಗೇಣು ಮೂಳೆ

ಕಲ್ಯ ಎಂಬ ಊರಿನ ಪುಟ್ಟಗೌರಮ್ಮನಿಗೆ ನಲವತ್ತು ಕುರಿಗಳೂ ಒಬ್ಬ ಗಂಡನೂ ಇದ್ದರು. ಕುರಿಗಳು ಅವಳ ಮಾತು ಕೇಳುತ್ತಿದ್ದವು. ಗಂಡ ಕಾಳಯ್ಯ ಕೇಳಿಸಿಕೊಳ್ಳುತ್ತಿದ್ದ. ಊರಲ್ಲಿ ಯಾರ ಮರಿಯ ಕಾಲು ಮುರಿದರೂ ಅವಳ ಹಟ್ಟಿಗೇ ತರುತ್ತಿದ್ದರು. ಬಿದಿರ ದಬ್ಬೆ ಇಟ್ಟು, ಹಳೇ ಸೀರೆಯ ಅಂಚು ಸುತ್ತಿ, ಮೂರು ವಾರದಲ್ಲಿ ಮರಿ ನೆಗೆಯುವಂತೆ ಮಾಡುತ್ತಿದ್ದಳು. ಹಾಗಾಗಿ ಮೂಳೆಯ ವಿಚಾರದಲ್ಲಿ ಅವಳಿಗೆ ತನ್ನದೇ ಅಭಿಪ್ರಾಯಗಳಿದ್ದವು.

ಎರಡು ವರ್ಷದ ಹಿಂದೆ ಕುದೂರಿನಲ್ಲಿ ಟಗರೊಂದನ್ನು ಕೊಂಡು ಗೂಡ್ಸ್ ಆಟೋದಲ್ಲಿ ಬರುವಾಗ, ತಿರುವಿನಲ್ಲಿ ಆಟೋ ಮಗುಚಿತು. ಟಗರಿಗೆ ಒಂದು ಗೀರೂ ಬೀಳಲಿಲ್ಲ. ಎದ್ದು ನಿಂತು ರಸ್ತೆ ಬದಿಯ ಹುಲ್ಲು ಮೇಯತೊಡಗಿತು. ಪುಟ್ಟಗೌರಮ್ಮನ ಎಡಮೊಣಕಾಲಿನ ಕೆಳಗಿನ ಮೂಳೆ ನುಚ್ಚುನೂರಾಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಚೂರುಗಳನ್ನು ತೆಗೆದರು. ಕೀವಾದದ್ದರಿಂದ ಇನ್ನಷ್ಟು ತೆಗೆದರು. ಕಾಲಿಗೆ ಹೊರಗಿನಿಂದ ಕಂಬಿ ಕಟ್ಟಿಸಿಕೊಂಡು ಎಂಟು ತಿಂಗಳು ಜಗಲಿಯ ಮೇಲೆ ಕೂತಳು. ಕೀವು ವಾಸಿಯಾಯಿತು, ಆದರೆ ನಡುವೆ ಅರ್ಧ ಗೇಣು ಮೂಳೆಯೇ ಇರಲಿಲ್ಲ. ಅಷ್ಟು ದೊಡ್ಡ ಸಂದು ತಾನಾಗಿ ಕೂಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಮೂಳೆ ಡಾಕ್ಟರ್ ತಸ್ಲೀಮಾ ಒಂದು ದಾರಿ ಹೇಳಿದರು. ಬಲಗಾಲನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ಕಂಪ್ಯೂಟರಿನಲ್ಲಿ ಅದನ್ನು ಎಡಗಾಲಾಗಿ ತಿರುಗಿಸುವುದು. ಅದರಿಂದ ಬೇಕಾದ ತುಂಡಿನ ಅಳತೆ ಹಿಡಿದು, ಟೈಟೇನಿಯಂ ಪುಡಿಯನ್ನು ಪದರ ಪದರವಾಗಿ ಕರಗಿಸಿ ಪ್ರಿಂಟ್ ಮಾಡುವುದು.

“ನನ್ ಬಲಗಾಲೂ ಒಸಿ ವಂಕ ಕಣವ್ವಾ,” ಅಂದಳು ಪುಟ್ಟಗೌರಮ್ಮ. “ಅದ್ನೇ ನೋಡ್ಕೊಂಡು ಮಾಡುದ್ರೆ ಇದೂ ವಂಕ ಆಗಾಕಿಲ್ವಾ?”

“ಎರಡೂ ಒಂದೇ ಥರ ವಂಕ ಇದ್ರೆ ನಡಿಗೆ ನೇರ ಇರುತ್ತಮ್ಮ.”

ಅವಳಿಗೆ ಒಪ್ಪಿಗೆಯಾಗಲಿಲ್ಲ. ಡಾಕ್ಟರು ಸ್ಕ್ಯಾನ್ ಮಾತ್ರ ಮಾಡಿಸಿ, ಕೆಲವು ದಿನ ಬಿಟ್ಟು, ಅದೇ ಅಳತೆಯಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿದ ಬಿಳಿ ಮಾದರಿಯೊಂದನ್ನು ಅವಳ ಕೈಗಿಟ್ಟು, ಮನೆಯಲ್ಲಿ ತೋರಿಸಿ ಯೋಚನೆ ಮಾಡಿ ಬನ್ನಿ ಅಂದರು.

ಕಾಳಯ್ಯ ಹೊಸ್ತಿಲಲ್ಲೇ ತಡೆದ. “ಬದುಕಿರೋರ ಮೂಳೆಯ ಮನೆ ಒಳೀಕೆ ತತ್ತಾರೇನಮ್ಮಿ?”

“ಪ್ಲಾಸ್ಟಿಕ್ ಕಣಯ್ಯಾ.”

“ಏನಾದ್ರೇನು, ಮೂಳೆ ಮೂಳೆನೇ.”

“ಹಂಗಾರೆ ನನ್ನೂ ಈಚೆಗೆ ಮಲಗ್ಸು. ನನ್ ಮೈಯೊಳ್ಗೆ ಇನ್ನೂ ನೂರಾರು ಅವೆ.”

ಕಾಳಯ್ಯ ಮಾದರಿಯನ್ನು ಎರಡು ಬೆರಳಲ್ಲಿ ಹಿಡಿದು ಕುರಿಹಟ್ಟಿಯ ಗೋಡೆಯ ಮೇಲಿಟ್ಟು ಕೈ ತೊಳೆದುಕೊಂಡ.

ಬೆಳಗ್ಗೆ ನೋಡಿದರೆ ಮೂಳೆ ಇಲ್ಲ. ಹಟ್ಟಿಯ ನಾಯಿಯೂ ಇಲ್ಲ. ಪುಟ್ಟಗೌರಮ್ಮ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ನಿಂತು ಅಪ್ಪಣೆ ಕೊಡುತ್ತಿದ್ದಳು. ಕಾಳಯ್ಯನೂ ಪಕ್ಕದ ಮನೆಯ ತಿಮ್ಮೇಶನೂ ತಿಪ್ಪೆ, ಬೇಲಿ, ಬಾವಿಕಟ್ಟೆ ಎಲ್ಲ ಹುಡುಕಿದರು. ಕೊನೆಗೆ ಹುಲ್ಲಿನ ಮೆದೆಯ ಹಿಂದೆ ಹೊಸದಾಗಿ ಕೆದರಿದ ಮಣ್ಣಿನಲ್ಲಿ ಸಿಕ್ಕಿತು. ಪಕ್ಕದಲ್ಲಿ ನಾಯಿ ಬಹಳ ನಿರಾಸೆಯಿಂದ ಮಲಗಿತ್ತು.

“ಹೋಗ್ಲಿ ಬುಡು ಅತ್ಲಾಗೆ,” ಅಂದ ಕಾಳಯ್ಯ. “ಶಾಸ್ತ್ರವಾಗಿ ಮಣ್ ಮಾಡ್ಬುಟ್ಟೈತೆ.”

ಪುಟ್ಟಗೌರಮ್ಮ ಅದನ್ನು ತೊಳೆದು ಬಿಸಿಲಿಗೆ ಹಿಡಿದಳು. ಎರಡೂ ತುದಿಯಲ್ಲಿ ಹಲ್ಲಿನ ಗುರುತು. ಆದರೆ ಒಂದು ಚೂರೂ ಮುರಿದಿರಲಿಲ್ಲ. ಮೈಯೆಲ್ಲ ಜಾಲರಿಯಂತೆ ತೂತುತೂತು, ಎಲ್ಲದರಲ್ಲೂ ಮಣ್ಣು. ಕಡ್ಡಿಯಿಂದ ಮಣ್ಣು ಕೀಳುತ್ತ ಕೀಳುತ್ತ ಆ ತೂತುಗಳು ಯಾಕಿರಬಹುದೆಂದು ಯೋಚಿಸುತ್ತ ಮಧ್ಯಾಹ್ನದವರೆಗೂ ಕೂತಳು.

ಮುಂದಿನ ವಾರ ಹಲ್ಲಿನ ಗುರುತು ಕಂಡು ಡಾಕ್ಟರು ಹುಬ್ಬೇರಿಸಿದರು. ಅವಳು ನಡೆದದ್ದನ್ನು ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಪರವಾಗಿಲ್ಲ, ಅಸಲು ಅಳತೆ ಕಂಪ್ಯೂಟರಿನಲ್ಲಿದೆ.”

“ಈ ತೂತ್‌ವೊಳ್ಗೆ ನನ್ ಮೂಳೆ ಬೆಳ್ಕೊಂಡ್ ಹೋಗ್ಲಿ ಅಂತ ಬುಟ್ಟಿದೀರಾ?”

“ಹೌದು. ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಅದರಲ್ಲಿ ತುಂಬ್ತೀವಿ. ಯಾರು ಹೇಳಿದ್ರು ನಿಮಗೆ?”

“ಯಾರು ಹೇಳ್ತಾರೆ. ಮರಿ ಕಾಲ್ಗೂ ನಾನು ಬಿಗಿಯಾಗ್ ಕಟ್ಟಾಕಿಲ್ಲ, ಕೂಡ್ಕೊಳಾಕೆ ಒಸಿ ಜಾಗ ಬುಡ್ತೀನಿ.” ಪುಟ್ಟಗೌರಮ್ಮ ಮಾದರಿಯನ್ನು ಮೇಜಿನ ಮೇಲಿಟ್ಟಳು. “ನಾಯೂ ಪಾಸ್ ಮಾಡೈತೆ. ಯಾವತ್ತು ಹಾಕ್ತೀರಿ ಹೇಳಿ.”

ಆಪರೇಷನ್ನಿನ ಬೆಳಗ್ಗೆ ಅಷ್ಟು ಮಾತು ಇರಲಿಲ್ಲ. ಸ್ಟ್ರೆಚರಿನ ಮೇಲೆ ಮಲಗಿ ಗಂಡನ ಮಣಿಕಟ್ಟು ಹಿಡಿದುಕೊಂಡಿದ್ದಳು. ಕುರಿಗಳಿಗೆ ನೀರು ತೋರಿಸಲು ತಿಮ್ಮೇಶನಿಗೆ ಹೇಳಿದೆಯಾ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಕಾಳಯ್ಯ ಹ್ಞೂಂ ಅಂದ.

ನಾಲ್ಕು ತಿಂಗಳಿಗೆ ಎಕ್ಸ್‌ರೇಯಲ್ಲಿ ಜಾಲರಿಯ ಅಂಚಿಗೆ ಹೊಗೆಯಂಥ ಬಿಳುಪು ಕಾಣಿಸಿತು. ಹೊಸ ಮೂಳೆ ಅಂದರು ಡಾಕ್ಟರು. ವಾಕರ್ ಹೋಗಿ ಕೋಲು ಬಂತು, ವರ್ಷ ತುಂಬುವಷ್ಟರಲ್ಲಿ ಕೋಲೂ ಹೋಯಿತು.

ಈಗ ಅವಳು ಕುರಿಗಳ ಜೊತೆ ಬೆಟ್ಟದ ಬುಡದವರೆಗೆ ಹೋಗುತ್ತಾಳೆ. ಮೊದಲಿನಂತೆ ಅವನನ್ನು ಹಿಂದೆ ಬಿಟ್ಟು ಹೋಗುವ ಬಿರುಸು ಇಲ್ಲ, ಹಾಗಾಗಿ ಕಾಳಯ್ಯ ಪಕ್ಕದಲ್ಲೇ ನಡೆಯುತ್ತಾನೆ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ, ಅವನು ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಾಯಿತು.

“ಯಾರ್ ಕುಟ್ಟೆ ಮಾತಾಡ್ತಿದ್ದೀಯಾ?” ಎಂದು ಒಂದು ದಿನ ಕೇಳಿದಳು.

“ನಿನ್ ಕುಟ್ಟೆನೇ,” ಅಂದ ಅವನು. “ನಿಂಗೆ ಕೇಳುಸ್ತಿರ್ನಿಲ್ಲ ಅಷ್ಟೇಯ.”