ಬೀಗದಕ್ಕನ ಖಾಲಿ ಮನೆಗಳು

"ಯಾರಾದ್ರೂ ಇದ್ದೀರಾ?"

ಬಾಗಿಲನ್ನು ಅಂಗೈಯಷ್ಟು ಸರಿಸಿ ಆಕೆ ಕೇಳುತ್ತಾರೆ. ಒಳಗೆ ಯಾರೂ ಇಲ್ಲ. ಇಲ್ಲವೆಂದು ಕೇಳಿದವರಿಗೂ ಗೊತ್ತು. ಆದರೂ ದೇವರ ಮುಂದೆ ನಿಂತವರಂತೆ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಡುತ್ತಾರೆ. ಇನ್ನೂ ಬೆಳಕು ಹರಿದಿಲ್ಲ. ಹನ್ನೊಂದನೇ ಮಹಡಿಯ ಕಿಟಕಿಯಾಚೆ ಕೆರೆ ಬೂದಿ ಬಣ್ಣದಲ್ಲಿ ಮಲಗಿದೆ. ಅದರ ದಂಡೆಯುದ್ದಕ್ಕೂ ಕಟ್ಟಿ ಮುಗಿದ, ಕಟ್ಟುತ್ತಿರುವ ಕಟ್ಟಡಗಳು, ಕಟ್ಟಲೆಂದು ಅಗೆದಿಟ್ಟ ಗುಂಡಿಗಳು.

ಹೀಗೆ ಕೇಳುವುದಕ್ಕೊಂದು ಕಾರಣವಿದೆ. ಒಮ್ಮೆ ಮಾಲೀಕರೊಬ್ಬರು ಹೇಳದೆ ಕೇಳದೆ ರಾತ್ರೋರಾತ್ರಿ ಬಂದು ತಂಗಿದ್ದರು. "ನಾನು ಬಾಗಿಲು ತೆಗೀತೀನಿ, ಅವರು ಟವೆಲ್ ಸುತ್ಕೊಂಡು ಬಚ್ಚಲಿಂದ ಬರ್ತಾರೆ. ಕಳ್ಳ ಕಳ್ಳ ಅಂತ ನಾನು ಕಿರುಚಿದೆ, ಕಳ್ಳಿ ಅಂತ ಅವರು ಕಿರುಚಿದ್ರು. ಅವರ ಮನೇಲೇ ಅವರನ್ನ ಕಳ್ಳ ಅಂದ್ಬಿಟ್ನಲ್ಲಪ್ಪ!" ನಗುತ್ತಲೇ ಬಚ್ಚಲಿನ ಜಾಲರಿಗೆ ಒಂದು ಚೊಂಬು ನೀರು ಸುರಿಯುತ್ತಾರೆ.

ಈ ಬಡಾವಣೆಯಲ್ಲಿ ಗೋಡೆ ಏಳುವ ಮೊದಲೇ ಮನೆ ಮಾರಾಟವಾಗುತ್ತದೆ. ಕೊಂಡವರೆಲ್ಲ ಬಂದು ಇರುವುದಿಲ್ಲ; ಬೆಲೆ ಏರಲಿ ಎಂದು ಬೀಗ ಜಡಿದು ಹೋದವರೇ ಹೆಚ್ಚು. ಆಳಿಲ್ಲದ ಮನೆ ಬೇಗ ಹಾಳಾಗುತ್ತದೆ. ಜಾಲರಿಯ ಕೆಳಗಿನ ನೀರು ಆರಿದರೆ ಚರಂಡಿಯ ನಾತ, ಹಿಂದೆಯೇ ಜಿರಲೆ. ಕಿಟಕಿ ಮುಚ್ಚಿಯೇ ಇದ್ದರೆ ಕೆರೆಯ ಥಂಡಿಗೆ ಗೋಡೆಯೆಲ್ಲ ಬೂಷ್ಟು. ಇಂಥ ನಲವತ್ತು ಚಿಲ್ಲರೆ ಮನೆಗಳನ್ನು ಸರದಿಯಂತೆ ತೆರೆದು, ಗಾಳಿಯಾಡಿಸಿ, ನಲ್ಲಿ ಬಿಟ್ಟು, ಒರೆಸಿ, ಮತ್ತೆ ಬೀಗ ಹಾಕುವುದು ಈಕೆಯ ಕಾಯಕ. ಸೊಂಟದ ಬೀಗದ ಕೈ ಗೊಂಚಲು ನೋಡಿ ಗೇಟಿನ ಕಾವಲುಗಾರರು ಇಟ್ಟ ಹೆಸರು ಬೀಗದಕ್ಕ.

"ಅಕ್ಕಾ, ಈ ಕೆರೆ ಸುತ್ತ ನಿಮ್ಮಷ್ಟು ಮನೆ ಇರೋರು ಯಾರೂ ಇಲ್ಲ ಬಿಡಿ" ಎಂದು ಅವರು ರೇಗಿಸುತ್ತಾರೆ.

"ಹೌದಪ್ಪ, ಗುಡಿಸೋಕೆ ಮಾತ್ರ ಒಂದು ಆಳು ಸಿಕ್ತಿಲ್ಲ" ಎಂದು ಈಕೆ ತಿರುಗಿಸಿ ಕೊಡುತ್ತಾರೆ.

ನಲ್ಲಿ ಮೊದಲು ಕೆಮ್ಮುತ್ತದೆ, ಕೆಂಪು ನೀರು ಉಗುಳುತ್ತದೆ, ಆಮೇಲೆ ಅದರ ದನಿ ತಿಳಿಯಾಗುತ್ತದೆ. ಆ ದನಿಗಾಗಿ ಫೋನಿನಲ್ಲಿ ಒಬ್ಬರು ಕಾಯುತ್ತಿದ್ದರು. ದೂರದ ಬಂದರಿನ ಆಸ್ಪತ್ರೆಯಲ್ಲಿ ದುಡಿಯುವ ನರ್ಸಮ್ಮ ಈ ಮನೆಯನ್ನು ಕೊಂಡಿದ್ದಾರೆ, ಒಂದು ರಾತ್ರಿಯೂ ಇಲ್ಲಿ ಮಲಗಿಲ್ಲ. "ನೀರು ಬಿಡಿ ಅಕ್ಕ, ಸದ್ದು ಕೇಳ್ಬೇಕು ಅನ್ನೋರು. ಫೋನನ್ನ ನಲ್ಲಿ ಹತ್ರ ಹಿಡೀತಿದ್ದೆ. ಅವರೂ ಮಾತಾಡ್ತಿರಲಿಲ್ಲ, ನಾನೂ ಮಾತಾಡ್ತಿರಲಿಲ್ಲ. ನೀರೇ ಮಾತಾಡೋದು."

ಈ ಗೋಡೆಗಳು ಹಸಿಯಾಗಿದ್ದಾಗಿನಿಂದಲೂ ಬೀಗದಕ್ಕನಿಗೆ ಗೊತ್ತು. ಆಗ ಈಕೆ, ಈಕೆಯ ಗಂಡ ಇಬ್ಬರೂ ಪೈಪು ಹಿಡಿದು ಹೊಸ ಕಾಂಕ್ರೀಟಿಗೆ ನೀರುಣಿಸುತ್ತಿದ್ದರು. ಕಟ್ಟಡ ಮೇಲೇಳುತ್ತಿರುವಾಗಲೇ ಕಾಮಾಲೆ ಗಂಡನನ್ನು ಕೊಂಡೊಯ್ದಿತು. ಕೆಲಸ ಮುಗಿದ ಮೇಲೆ ತಗಡಿನ ಶೆಡ್ಡುಗಳನ್ನು ಬಿಚ್ಚಿಕೊಂಡು ಜೊತೆಗಾರರೆಲ್ಲ ಬೇರೆ ಕಟ್ಟಡಕ್ಕೆ ಹೋದರು, ಈಕೆ ಉಳಿದರು. ನೆಲಮಾಳಿಗೆಯಲ್ಲಿ ಪಂಪಿನ ಪಕ್ಕ ಒಂದು ಕೋಣೆ ಸಿಕ್ಕಿತು. ಅದಕ್ಕೆ ಕಿಟಕಿಯಿಲ್ಲ. ಪಂಪು ಶುರುವಾದರೆ ತಟ್ಟೆ ಲೋಟವೆಲ್ಲ ಅದುರುತ್ತವೆ. "ಗೊರಕೆ ಹೊಡೆಯೋ ಗಂಡ ಪಕ್ಕದಲ್ಲಿದ್ದಂಗೆ. ಕರೆಂಟು ಹೋಗಿ ಅದು ನಿಂತ್ರೆ ನಿದ್ದೆ ಬರಲ್ಲ ನೋಡಿ."

ಯಾವ ಮನೆಯಲ್ಲೂ ಬೀಗದಕ್ಕ ಕೂರುವುದಿಲ್ಲ. ಒಮ್ಮೆ ಜ್ವರ ಬಂದು, ಪ್ಲಾಸ್ಟಿಕ್ ಸಹ ತೆಗೆಯದ ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದ್ದರಂತೆ. "ಎದ್ದು ನೋಡ್ತೀನಿ, ಕಿಟಕಿ ತುಂಬ ಕೆರೆ. ನಮ್ಮನೆ ಅನ್ನಿಸ್ಬಿಡ್ತು. ಆಮೇಲೆ ಕೆಳಗೆ ಹೋದ್ರೆ ಎಷ್ಟೋ ದಿನ ನನ್ನ ಕೋಣೆ ನನಗೇ ಸೇರಲಿಲ್ಲ. ಮನಸ್ಸು ಕೋತಿ. ಅದಕ್ಕೆ ಕೂರೋ ಜಾಗ ತೋರಿಸ್ಬಾರದು."

ಒಡಹುಟ್ಟಿದ ತಂಗಿ ಒಬ್ಬಳೇ. ಕೆರೆಯ ಆಚೆ ದಂಡೆಯ ಹಳೆಯ ಸಾಲುಮನೆಯಲ್ಲಿ ಗಂಡ, ಇಬ್ಬರು ಮಕ್ಕಳೊಂದಿಗೆ ಬಾಡಿಗೆಗಿದ್ದಾಳೆ. ಅದನ್ನೂ ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಾರಂತೆ. ಭಾನುವಾರ ಖಾಲಿ ಮಾಡಬೇಕು. ತಂಗಿಯವರು ಕೊಂಡಿರುವ ಪುಟ್ಟ ಮನೆ ಕೈಸೇರುವುದು ಗುರುವಾರ. ನಡುವಿನ ನಾಲ್ಕು ದಿನಕ್ಕೆ ಒಂದು ಸೂರು ಬೇಕು.

ಬೀಗದಕ್ಕ ನರ್ಸಮ್ಮನನ್ನು ಕೇಳಿಯೂ ನೋಡಿದ್ದರು. "ಆಮೇಲೆ ಹೇಳ್ತೀನಿ ಅಕ್ಕ" ಎಂದವರು ಮತ್ತೆ ಫೋನು ಮಾಡಿಲ್ಲ. ನೀರಿನ ಸದ್ದಿಗಾಗಿಯೂ ಇಲ್ಲ.

ಇವತ್ತು ತಂಗಿಯೇ ಮೇಲೆ ಬಂದಿದ್ದಾಳೆ. ಹೊಸ್ತಿಲ ಮೇಲೆ ನಿಂತು ಖಾಲಿ ನಡುಮನೆಯನ್ನು, ಕೆರೆಯನ್ನು, ಅಕ್ಕನ ಸೊಂಟದ ಗೊಂಚಲನ್ನು ನೋಡುತ್ತಾಳೆ.

"ಇಷ್ಟು ಮನೆ ನೇತಾಕ್ಕೊಂಡಿದ್ದೀಯ. ಒಂದು ಬಿಚ್ಚಿಕೊಡೆ ಅಕ್ಕ."

"ನಂದಲ್ಲ ಕಣೆ."

"ನಿಂದು ಅಂತ ಯಾರಂದ್ರು? ಜಿರಲೆಗೆ ಜಾಗ ಇದೆ, ನನ್ನ ಮಕ್ಕಳಿಗಿಲ್ವಾ?"

"ಜಿರಲೆಗೂ ಕೊಡಬಾರದು ಅಂತಾನೇ ನನ್ನ ಇಟ್ಕೊಂಡಿರೋದು."

ತಂಗಿಗೆ ನಗು ಬರುವುದಿಲ್ಲ. "ಯಾರಿಗೆ ಗೊತ್ತಾಗುತ್ತೆ? ದೀಪಾನೂ ಹಾಕಲ್ಲ. ಮಕ್ಕಳ ಬಾಯಿ ಮುಚ್ಚಿಸ್ತೀನಿ."

"ಬಾಯಿ ಮುಚ್ಚಿಸಿ ಮಲಗ್ಸೋ ಮನೆ ಯಾಕೆ ಬೇಕೇ ಅವಕ್ಕೆ?" ಬೀಗದಕ್ಕ ಒರೆಸುವ ಬಟ್ಟೆ ಕೆಳಗಿಡುತ್ತಾರೆ. ದನಿ ಇಳಿಯುತ್ತದೆ. "ಕೆಳಗೆ ನನ್ನ ಕೋಣೆ ಇದೆಯಲ್ಲ. ಮೂಲೆ ಮೂಲೆ ತೊಳೆದಿದ್ದೀನಿ. ಗೇಟಿನವರ ಹತ್ರ ಒಂದು ಫ್ಯಾನ್ ಇಸ್ಕೊಂಡಿದ್ದೀನಿ. ನಿಮ್ಮೆಜಮಾನ್ರು ಕಾವಲುಗಾರರ ಜೊತೆ ಮಲಗ್ಲಿ, ಅವರನ್ನೂ ಕೇಳಿದ್ದೀನಿ. ಮಕ್ಕಳು ಮಂಚದ ಮೇಲೆ, ನಾವಿಬ್ಬರು ಕೆಳಗೆ. ಅವು ಎಷ್ಟು ಬೇಕಾದ್ರೂ ಗಲಾಟೆ ಮಾಡ್ಲಿ, ಪಂಪಿನ ಮುಂದೆ ಯಾರಿಗೆ ಕೇಳುತ್ತೆ? ನಾಲ್ಕೇ ದಿನ. ಬಾರೆ. ನನಗೂ..."

ಕಿಟಕಿಯಿಂದ ಬಂದ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆ; ಬೀಗದಕ್ಕ ಅದನ್ನು ಕಾಲಿನಿಂದ ತಡೆದು ನಿಲ್ಲುತ್ತಾರೆ. ತಂಗಿ ಸೆರಗು ಸರಿಮಾಡಿಕೊಂಡು ಲಿಫ್ಟಿನ ಗುಂಡಿ ಒತ್ತಿದ್ದಾಳೆ.

"ಇಲ್ಲ ಅಕ್ಕ," ಹಿಂದಿರುಗಿ ನೋಡದೆ ಹೇಳುತ್ತಾಳೆ, "ನಿನ್ನ ಕೋಣೆಗೆ ನಾವು ಬರಲ್ಲ."