ಬೆನ್ನಿನ ಮೇಲ್ಭಾಗ ನೋಡೆಂದವರು ಯಾರು?

ದೆವ್ವ, ಅಶರೀರವಾಣಿ ಎಂದವರ ಮುಖದೆದುರೇ ನಗುತ್ತಿದ್ದವನು ನಾನು. ಇದನ್ನು ಓದಿ ನೀವು ನಕ್ಕರೂ ಬೇಸರವಿಲ್ಲ. ಆದರೆ ಆ ಮಧ್ಯಾಹ್ನ ನೆನಪಾದರೆ ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಸವಕಲ್ಯಾಣಕ್ಕೆ ಕೊಟ್ಟ ನನ್ನ ಅಕ್ಕನ ಕಾಲುಗಳು ದಿನೇದಿನೇ ಸೋಲುತ್ತಿದ್ದವು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗುವಂತಿರಲಿಲ್ಲ. “ಎರಡೂ ಹೆಗಲಿನ ನಡುಮಧ್ಯ ಏನೋ ಒತ್ತಾಕತ್ತದ” ಎಂದು ವರ್ಷವಿಡೀ ಒಂದೇ ಮಾತು ಹೇಳಿದಳು. ಹುಮನಾಬಾದಿನ ಡಾಕ್ಟರ್ ಅವಳತ್ತ ನೋಡದೆ ನನಗೆ ಹೇಳಿದ: “ಗಂಡನ ಮನ್ಯಾಗ ಕೆಲ್ಸ ಮಾಡೋದು ಬ್ಯಾಡಾಗ್ಯದ್ರಿ. ಸೊಂಟದ್ದು ಎಂಆರ್‌ಐ ಮಾಡಿಸ್ರಿ, ನಾಟಕ ಹೊರಗ ಬೀಳ್ತದ.” ನೋವು ಒಂದು ಕಡೆ, ಚೀಟಿ ಬರೆದದ್ದು ಇನ್ನೊಂದು ಕಡೆ! ನಾವು ನೋಡೆಂದ ಜಾಗವನ್ನಷ್ಟೇ ಆ ಯಂತ್ರ ತೋರಿಸುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿರಬೇಕಿತ್ತು.

ಹೈದರಾಬಾದಿಗೆ ಹೋದೆವು. ಯಂತ್ರವೆಂದರೆ ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಕೂಡದು ಎಂದರು. ಅಕ್ಕ ತಾಳಿ, ಕಾಲುಂಗುರ ಬಿಚ್ಚಿಕೊಟ್ಟಳು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೊನೆಗೆ ಕೊರಳಿಂದ ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. ಲಿಂಗ ಮೈಮೇಲಿಲ್ಲದಷ್ಟು ಹೊತ್ತು ತುಟಿ ಬಿಚ್ಚಬಾರದೆಂಬುದು ನಮ್ಮ ಮನೆ ಹೆಂಗಸರ ನೇಮ. ಬಾಯಿ ಮುಚ್ಚಿಕೊಂಡೇ ಒಳಗೆ ಹೋದಳು.

ಬಹಳ ಹೊತ್ತಾಯಿತು. ಯಂತ್ರ ನಡೆಸುವಾತ ಹೊರಬಂದು ದಖನಿ ಉರ್ದುವಿನಲ್ಲಿ ಗೊಣಗಿದ. ಸೊಂಟದಲ್ಲಿ ಏನೂ ಇರಲಿಲ್ಲವಂತೆ. ಇನ್ನೇನು ಮುಗಿಸಬೇಕೆನ್ನುವಾಗ ರೋಗಿ ಮಾತಾಡಲೆಂದು ಯಂತ್ರದೊಳಗಿಟ್ಟ ಮೈಕಿನಿಂದ, ಇನ್ನೂ ಮೇಲೆ, ಹೆಗಲುಗಳ ನಡುವೆ ನೋಡು ಎಂದು ಹೆಂಗಸಿನ ದನಿಯೊಂದು ತೆಲುಗಿನಲ್ಲಿ ಗದರಿಸಿತಂತೆ. ನೋಡಿದರೆ ಅಲ್ಲೊಂದು ಗಂಟು ಬೆನ್ನುಹುರಿಯನ್ನು ಒತ್ತಿಕೊಂಡು ಕೂತಿತ್ತು. ನಿಮ್ಮಕ್ಕ ಭಾರೀ ಜೋರು ಎಂದ.

ಅಕ್ಕನಿಗೆ ತೆಲುಗಿನ ಒಂದು ಪದವೂ ಬಾರದು. ಒಳಗೆ ಬೇರೆ ಯಾರೂ ಇರಲಿಲ್ಲ. ಕರಡಿಗೆ ಮತ್ತೆ ಕೊರಳಿಗೆ ಹಾಕಿಕೊಂಡ ಮೇಲೆ ಕೇಳಿದೆ. “ನಾ ಬಾಯೇ ತೆರದಿಲ್ಲೋ” ಎಂದಳು. ಅವಳು ಸುಳ್ಳು ಹೇಳುವವಳಲ್ಲ.

ಗಂಟು ತೆಗೆಸಿದೆವು. ಕೆಲವು ತಿಂಗಳಲ್ಲಿ ಅಕ್ಕ ಗೋಡೆ ಬಿಟ್ಟು ನಡೆದಳು. ನಾನು ಗಂಟು ಕಂಡ ಫಿಲ್ಮನ್ನು ಒಯ್ದು ಹುಮನಾಬಾದಿನ ಡಾಕ್ಟರನ ಮೇಜಿನ ಮೇಲೆ ಬಡಿದೆ. “ಇಂಥಾವೆಲ್ಲ ಆಗ್ತಾವ್ರಿ” ಎಂದು ಮುಂದಿನ ರೋಗಿಯನ್ನು ಕರೆದ. ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಮಾತಾಡಿದವರು ಯಾರು? ಈಚೆಗೆ ಮತ್ತೊಮ್ಮೆ ಕೇಳಿದಾಗ ಅಕ್ಕ ಸಿಡಿದಳು: “ಯಾರರ ಆಗಿರ್ಲಿ. ವರ್ಷಪೂರ್ತಿ ನಾ ಒದರಿದ್ದೂ ಅದೇ ಮಾತಲ್ಲೇನು? ಆಕಿ ಮಾತು ಒಂದೇ ಸಲಕ್ಕ ಕೇಳಿದ್ರು, ನಂದು ಯಾಕ ಕೇಳ್ಲಿಲ್ಲ? ಅದನ್ನ ಹೇಳು ಮೊದಲ.”